ಅರವತ್ತನಾಲ್ಕು ಮನೆಯ ಮಹಾಸಂಖ್ಯೆ

18446744073709551615.

ಇಪ್ಪತ್ತು ಅಂಕಿ! ನಮ್ಮ ಪದ್ಧತಿಯಂತೆ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಒಂದು ಲಕ್ಷದ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿಗಿಂತಲೂ ಹೆಚ್ಚು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ನಮ್ಮ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ. ಅವರ ಪಟ್ಟಿ ಹಿಡಿದು ಓದಿದರೆ ಈ ಸಂಖ್ಯೆಯ ಮೊದಲ ಅಂಕಿ ಕೂರುವುದು ಮಹಾಶಂಖದ ಸ್ಥಾನದಲ್ಲಿ.

ನೋಡಿದ ನೆನಪಿಲ್ಲದಿದ್ದರೂ ಈ ಸಂಖ್ಯೆಯ ಕಥೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಚದುರಂಗದಾಟವನ್ನು ಕಟ್ಟಿದವನಿಗೆ ರಾಜ ಮೆಚ್ಚಿ ‘ಏನು ಬೇಕೋ ಕೇಳು’ ಎಂದನಂತೆ. ‘ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಮನೆಗೂ ಇಮ್ಮಡಿ ಮಾಡಿ ಕೊಟ್ಟರೆ ಸಾಕು’ ಎಂದನಂತೆ ಅವನು. ಅರವತ್ತನಾಲ್ಕು ಮನೆಗಳ ಕಾಳೆಲ್ಲ ಕೂಡಿದರೆ ಎಷ್ಟೋ ಅದೇ ಈ ಸಂಖ್ಯೆ. ಒಂದು ಅಕ್ಕಿಕಾಳಿಗೆ 25 ಮಿಲಿಗ್ರಾಂ ಎಂದು ಹಿಡಿದರೆ ತೂಕ 46 ಸಾವಿರ ಕೋಟಿ ಟನ್! ಇಡೀ ಭೂಮಿಯಲ್ಲಿ ಈಗ ವರ್ಷಕ್ಕೆ ಬೆಳೆಯುವ ಅಕ್ಕಿ ಐವತ್ತು ಕೋಟಿ ಟನ್ನಿಗಿಂತ ತುಸು ಹೆಚ್ಚು. ಜಗತ್ತು ಒಂದು ಅಗುಳನ್ನೂ ಬಾಯಿಗಿಡದೆ ಎಂಟುನೂರಕ್ಕೂ ಹೆಚ್ಚು ವರ್ಷ ಬೆಳೆದು ಕೂಡಿಡಬೇಕು.

ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ರಾಜ ತಬ್ಬಿಬ್ಬಾದ, ಮಕ್ಕಳು ಬಾಯಿಬಿಟ್ಟು ಕೇಳಿದರು, ಮುಗಿಯಿತು. ಅಯ್ಯೋ, ಮುಗಿಯುವುದೆಲ್ಲಿ ಬಂತು! ದೊಡ್ಡ ಸಂಖ್ಯೆ ಬೇಕೆಂದರೆ ಯಾರು ಬೇಕಾದರೂ ಒಂದರ ಮುಂದೆ ಸೊನ್ನೆಗಳನ್ನು ಸಾಲಾಗಿ ಬರೆದುಬಿಡಬಹುದು. ಈ ಸಂಖ್ಯೆಯ ಅದ್ಭುತವಿರುವುದು ಗಾತ್ರದಲ್ಲಿ ಅಲ್ಲವೇ ಅಲ್ಲ, ಅದರ ಹೊಟ್ಟೆಯೊಳಗೆ. ಹಲಸಿನ ಹಣ್ಣಿನಂತೆ ಹೊರಗೆ ಬರೀ ಗಾತ್ರ, ಮುಳ್ಳು. ಕೊಯ್ದು ನೋಡಿದರೆ ಒಂದಕ್ಕೊಂದು ಅಂಟಿ ಕೂತ ತೊಳೆಗಳು. ಆ ಒಂದೊಂದು ತೊಳೆಯೂ ಗಣಿತದ ಇತಿಹಾಸದ ಒಂದೊಂದು ಅಧ್ಯಾಯ.

ಕೊಯ್ಯುವ ಮೊದಲು, ಇದನ್ನು ಲೆಕ್ಕ ಹಾಕುವುದೇ ಎಷ್ಟು ಸುಲಭ ನೋಡಿ. ಮೊದಲ ಮೂರು ಮನೆಗಳ ಮೊತ್ತ 1+2+4 = 7, ನಾಲ್ಕನೆಯ ಮನೆಯಲ್ಲಿರುವುದು 8. ಎಲ್ಲಿ ನಿಂತು ಕೂಡಿದರೂ ಮೊತ್ತವು ಮುಂದಿನ ಮನೆಗಿಂತ ಒಂದೇ ಒಂದು ಕಡಿಮೆ. ಹಾಗಾಗಿ ನಮ್ಮ ಸಂಖ್ಯೆ 2ರ 64ನೇ ಘಾತದಿಂದ ಒಂದು ಕಳೆದದ್ದು. ಎರಡನ್ನು ಅರವತ್ತನಾಲ್ಕು ಸಲ ಬರೆದು ಗುಣಿಸುತ್ತ ಕೂರಬೇಕೆ? ಬೇಡ! ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಪಿಂಗಳನ ಛಂದಃಶಾಸ್ತ್ರ ದಾರಿ ತೋರಿಸಿಟ್ಟಿದೆ. ಲಘು-ಗುರುಗಳಿಂದ ಎಷ್ಟು ಬಗೆಯ ಪಾದಗಳು ಹುಟ್ಟಬಹುದು ಎಂದು ಎಣಿಸಲು ಅವನಿಗೆ ಎರಡರ ಘಾತಗಳು ಬೇಕಿದ್ದವು. ಘಾತವನ್ನು ಅರ್ಧಿಸುತ್ತ ಹೋಗು, ಅರ್ಧಿಸಿದಲ್ಲೆಲ್ಲ ವರ್ಗ ಮಾಡು, ಬೆಸ ಬಂದಲ್ಲಿ ಎರಡರಿಂದ ಗುಣಿಸು ಎಂಬುದು ಅವನ ಸೂತ್ರಗಳ ಸಾರ. 64 ಎಂಬುದು ಅರ್ಧಿಸಲಿಕ್ಕೆಂದೇ ಹುಟ್ಟಿದ ಸಂಖ್ಯೆ. 2ರ ವರ್ಗ 4, ಅದರದ್ದು 16, ಅದರದ್ದು 256, ಆಮೇಲೆ 65536, ಆಮೇಲೆ 4294967296, ಇನ್ನೊಂದು ಸಲ ವರ್ಗ ಮಾಡಿದರೆ ಗುರಿ ಮುಟ್ಟಿತು. ಬರೀ ಆರು ಹೆಜ್ಜೆ! ಮಹಾವೀರಾಚಾರ್ಯರೂ ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ಇದೇ ಅರ್ಧಿಸುವ-ವರ್ಗಿಸುವ ವಿಧಾನವನ್ನು ಶ್ಲೋಕದಲ್ಲಿ ಕಟ್ಟಿಕೊಟ್ಟಿದ್ದಾರೆ. ಸಾವಿರನೇ ಇಸವಿಯ ಸುಮಾರಿಗೆ ಅಲ್-ಬಿರೂನಿ ಚದುರಂಗದ ಮೊತ್ತವನ್ನು ಪಡೆದದ್ದೂ ಹೀಗೆ ವರ್ಗದ ಮೇಲೆ ವರ್ಗ ಮಾಡಿಯೇ.

ಈಗ ಹಣ್ಣು ಕೊಯ್ಯೋಣ.

ಹೈಸ್ಕೂಲಿನಲ್ಲಿ ಕಲಿತ ಸೂತ್ರ ಒಂದಿದೆಯಲ್ಲ, ಯಾವುದೇ ಸಂಖ್ಯೆಯ ವರ್ಗದಿಂದ ಒಂದು ಕಳೆದರೆ, ಆ ಸಂಖ್ಯೆಗಿಂತ ಒಂದು ಹೆಚ್ಚು ಮತ್ತು ಒಂದು ಕಡಿಮೆ ಇರುವ ಎರಡರ ಗುಣಲಬ್ಧ ಸಿಗುತ್ತದೆ ಎಂಬುದು? ಅಷ್ಟೇ ಸಾಕು. 2ರ 64ನೇ ಘಾತವು 4294967296ರ ವರ್ಗ. ಹಾಗಾದರೆ ನಮ್ಮ ಸಂಖ್ಯೆ 4294967297 × 4294967295. ಎರಡನೆಯದು ಮತ್ತೆ 65536ರ ವರ್ಗದಿಂದ ಒಂದು ಕಳೆದದ್ದು, ಅದನ್ನೂ ಒಡೆಯಿರಿ: 65537 × 65535. ಮತ್ತೆ ಒಡೆಯಿರಿ: 257 × 255. ಮತ್ತೆ: 17 × 15. ಮತ್ತೆ: 5 × 3. ನೋಡನೋಡುತ್ತ ಆ ಇಪ್ಪತ್ತಂಕಿಯ ದೈತ್ಯ ಸಾಲಾಗಿ ಬಿಚ್ಚಿಕೊಂಡಿತು:

3 × 5 × 17 × 257 × 65537 × 4294967297.

ಈ ಸಾಲನ್ನು ಸ್ವಲ್ಪ ಹೊತ್ತು ನೋಡಿ. 3ಕ್ಕೆ 2 ಕೂಡಿದರೆ 5. 3×5ಕ್ಕೆ 2 ಕೂಡಿದರೆ 17. 3×5×17ಕ್ಕೆ 2 ಕೂಡಿದರೆ 257! ಹಿಂದಿನವರೆಲ್ಲರ ಗುಣಲಬ್ಧಕ್ಕೆ ಎರಡು ಸೇರಿಸಿದರೆ ಮುಂದಿನವನು ಹಾಜರು. ಇದರಿಂದ ಇನ್ನೊಂದು ಸತ್ಯ ತಾನಾಗಿ ಹೊರಬೀಳುತ್ತದೆ. ಈ ಸಾಲಿನ ಯಾವ ಎರಡು ಸಂಖ್ಯೆಗಳಿಗೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಲಾರದು. ಇದ್ದರೆ ಅದು ಕೂಡಿಸಿದ ಆ 2 ಎಂಬ ಸಂಖ್ಯೆಯನ್ನೂ ಭಾಗಿಸಬೇಕಾಗುತ್ತದೆ, ಇವೆಲ್ಲ ಬೆಸ ಸಂಖ್ಯೆಗಳಾದ್ದರಿಂದ ಅದು ಸಾಧ್ಯವಿಲ್ಲ. ಸಾಲು ಮುಗಿಯುವುದಿಲ್ಲ, ಪ್ರತಿ ಸಂಖ್ಯೆಯೂ ಹಿಂದೆಂದೂ ಬಾರದ ಹೊಸ ಅವಿಭಾಜ್ಯವನ್ನು ತರಲೇಬೇಕು, ಆದ್ದರಿಂದ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ! ಯೂಕ್ಲಿಡನ ಮಹಾಪ್ರಮೇಯಕ್ಕೆ ಇದು ಗಣಿತಜ್ಞ ಗೋಲ್ಡ್‌ಬಾಖ್ ಕೊಟ್ಟ ಸಾಧನೆ. ನನ್ನ ಮಟ್ಟಿಗೆ ಯೂಕ್ಲಿಡನದಕ್ಕಿಂತ ಇದೇ ಚೆಲುವು.

ಈ ಸಾಲಿನ ಸಂಖ್ಯೆಗಳಿಗೆ ಫರ್ಮಾ ಸಂಖ್ಯೆಗಳೆಂದು ಹೆಸರು. ಫ್ರಾನ್ಸಿನ ತುಲೂಸ್ ನಗರದಲ್ಲಿ ನ್ಯಾಯಾಂಗದ ಕೆಲಸದಲ್ಲಿದ್ದ ಪಿಯೆರ್ ದ ಫರ್ಮಾ ಬಿಡುವಿನಲ್ಲಿ ಗಣಿತ ಮಾಡುತ್ತ, 3, 5, 17, 257, 65537 ಇವೆಲ್ಲ ಅವಿಭಾಜ್ಯಗಳೇ ಆಗಿರುವುದನ್ನು ಕಂಡು, ಇದೇ ಕ್ರಮದಲ್ಲಿ ಹುಟ್ಟುವ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳು ಎಂದು 1640ರಲ್ಲಿ ಪತ್ರಗಳಲ್ಲಿ ಬರೆದ. ಸಾಧನೆ ತನ್ನಲ್ಲಿಲ್ಲ ಎಂಬುದನ್ನೂ ಒಪ್ಪಿಕೊಂಡ. ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಆರನೆಯದು ಆ ಹತ್ತಂಕಿಯ 4294967297. ಅದನ್ನು ಪರೀಕ್ಷಿಸುವುದು ಹೇಗೆ? ತೊಂಬತ್ತು ವರ್ಷ ಯಾರಿಂದಲೂ ಆಗಲಿಲ್ಲ.

1729ರ ಡಿಸೆಂಬರ್ 1ರಂದು ಗೋಲ್ಡ್‌ಬಾಖ್, ಪೀಟರ್ಸ್‌ಬರ್ಗಿನಲ್ಲಿದ್ದ ತರುಣ ಲಿಯೊನಾರ್ಡ್ ಆಯ್ಲರನಿಗೆ ಬರೆದ ಕಾಗದದ ಕೊನೆಯಲ್ಲಿ ಈ ಪ್ರಶ್ನೆಯನ್ನು ಕೇಳಿದ. 1732ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಆಯ್ಲರ್ ಉತ್ತರವಿಟ್ಟ: 4294967297 = 641 × 6700417. ಫರ್ಮಾನ ಊಹೆ ನೆಲಕ್ಕೆ ಬಿತ್ತು!

641 ಸಿಕ್ಕಿದ್ದು ಕುರುಡು ಹುಡುಕಾಟದಿಂದಲ್ಲ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಇದ್ದರೆ ಅದು 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು ಎಂಬ ನಿಯಮವನ್ನು ಆಯ್ಲರ್ ಸಾಧಿಸಿ ತೋರಿಸಿದ. ಅಂಥ ಅವಿಭಾಜ್ಯಗಳು 193, 257, 449, 577, 641... ಐದನೆಯ ಪ್ರಯತ್ನಕ್ಕೇ ಬೀಗ ತೆರೆಯಿತು! ಇದನ್ನು ಭಾಗಾಕಾರವನ್ನೇ ಮಾಡದೆ ಕಾಣುವ ದಾರಿಯೂ ಒಂದಿದೆ, ಪೆನ್ಸಿಲ್ ಹಿಡಿದು ನನ್ನ ಜೊತೆ ಬನ್ನಿ. 641 ಎಂದರೆ 640+1. 640 ಎಂದರೆ 5 × 2ರ 7ನೇ ಘಾತ. 641 ಎಂದರೆ 625+16 ಕೂಡ ಹೌದು. 5ರ 4ನೇ ಘಾತ ಮತ್ತು 2ರ 4ನೇ ಘಾತ ಕೂಡಿದ್ದು. ಈಗ 641ರಿಂದ ಭಾಗಿಸಿದಾಗ ಬರುವ ಶೇಷವನ್ನಷ್ಟೇ ಗಮನಿಸೋಣ. 640ರ ಶೇಷ −1. ಅದರ 4ನೇ ಘಾತದ ಶೇಷ +1. ಆ 4ನೇ ಘಾತದೊಳಗೆ ಇರುವುದು 625 ಮತ್ತು 2ರ 28ನೇ ಘಾತ. ಆದರೆ 625 ಮತ್ತು −16 ಎರಡಕ್ಕೂ ಶೇಷ ಒಂದೇ. 625ರ ಜಾಗದಲ್ಲಿ −16 ಇಡಿ. ಆಗ −16 × 2ರ 28ನೇ ಘಾತ, ಎಂದರೆ −(2ರ 32ನೇ ಘಾತ), ಅದರ ಶೇಷ 1. ಹಾಗಾದರೆ 2ರ 32ನೇ ಘಾತಕ್ಕೆ ಒಂದು ಕೂಡಿದಾಗ ಶೇಷ ಸೊನ್ನೆ. ಆಯಿತು! ಹತ್ತಂಕಿಯ ಸಂಖ್ಯೆಯೊಂದನ್ನು ಮುಟ್ಟದೆಯೇ ಒಡೆದುಬಿಟ್ಟೆವು. ಎಷ್ಟು ಸಲ ಮಾಡಿದರೂ ನನಗೆ ಇದರಲ್ಲಿ ಮೈ ಜುಮ್ಮೆನ್ನುತ್ತದೆ.

ಈಗ ನಮ್ಮ ಮಹಾಸಂಖ್ಯೆ ಪೂರ್ತಿ ಬಿಡಿಸಿದಂತಾಯಿತು: 3, 5, 17, 257, 641, 65537, 6700417. ಏಳು ಅವಿಭಾಜ್ಯಗಳು, ಒಂದೊಂದೂ ಒಂದೊಂದೇ ಸಲ. ಇದರ ಭಾಜಕಗಳು ಒಟ್ಟು 128, ಅದೂ ಎರಡರ ಘಾತವೇ!

ಫರ್ಮಾ ಸೋತ ಎಂದು ಯಾರಾದರೂ ಅಂದುಕೊಂಡಿದ್ದರೆ 1796ರ ಮಾರ್ಚ್ 30ರ ತನಕ ಕಾಯಬೇಕಿತ್ತು. ಅಂದು, ಇನ್ನೂ ಹತ್ತೊಂಬತ್ತು ತುಂಬದ ಕಾರ್ಲ್ ಫ್ರೆಡ್ರಿಕ್ ಗೌಸ್‌ಗೆ ಹೊಳೆದದ್ದನ್ನು ಕೇಳಿ. ಕೈವಾರ ಮತ್ತು ಅಳತೆಗುರುತಿಲ್ಲದ ಪಟ್ಟಿ ಇವೆರಡರಿಂದಲೇ ಗ್ರೀಕರು ಸಮಬಾಹು ತ್ರಿಭುಜ, ನಿಯಮಿತ ಪಂಚಭುಜ, ಹದಿನೈದು ಬಾಹುಗಳ ಆಕೃತಿ ಎಲ್ಲವನ್ನೂ ಎಳೆಯಬಲ್ಲವರಾಗಿದ್ದರು. ಆಮೇಲೆ ಎರಡು ಸಾವಿರ ವರ್ಷ ಒಂದು ಹೆಜ್ಜೆಯೂ ಮುಂದಿಲ್ಲ. ಗೌಸ್ ಹೇಳಿದ: ಹದಿನೇಳು ಬಾಹುಗಳ ಆಕೃತಿಯನ್ನೂ ಎಳೆಯಬಹುದು! ಯಾಕೆ ಹದಿನೇಳು? ಯಾಕೆಂದರೆ ಅದು ಫರ್ಮಾನ ಅವಿಭಾಜ್ಯ. ಬೆಸ ಸಂಖ್ಯೆಯ ಬಾಹುಗಳಿರುವ ನಿಯಮಿತ ಆಕೃತಿಯನ್ನು ಎಳೆಯಲು ಬರುವುದು, ಆ ಬಾಹುಗಳ ಸಂಖ್ಯೆ ಫರ್ಮಾ ಅವಿಭಾಜ್ಯ ಆಗಿದ್ದರೆ ಅಥವಾ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ ಮಾತ್ರ. ಈ ‘ಮಾತ್ರ’ದ ಸಾಧನೆಯನ್ನು 1837ರಲ್ಲಿ ವಾಂಟ್ಜೆಲ್ ಪೂರೈಸಿದ. ಕೊಯೆನಿಗ್ಸ್‌ಬರ್ಗಿನ ಯೋಹಾನ್ ಹರ್ಮೆಸ್ ಎಂಬಾತ 65537 ಬಾಹುಗಳ ಆಕೃತಿಯ ರಚನೆಗೆ ಹತ್ತು ವರ್ಷ ದುಡಿದು 1894ರಲ್ಲಿ ಮುಗಿಸಿದ. ಇನ್ನೂರಕ್ಕೂ ಹೆಚ್ಚು ಪುಟಗಳ ಆ ಹಸ್ತಪ್ರತಿ ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿದೆ. ಕಾಗದದ ಮೇಲೆ ಅಂಥ ಆಕೃತಿಗೂ ವೃತ್ತಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೂ ಒಬ್ಬ ಮನುಷ್ಯ ಹತ್ತು ವರ್ಷ ಕೊಟ್ಟ. ಆ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.

ಇದುವರೆಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಐದೇ ಐದು, ಐದೂ ನಮ್ಮ ಸಂಖ್ಯೆಯ ಒಳಗೇ ಇವೆ! ಅವುಗಳಿಂದ ಕಟ್ಟಬಹುದಾದ ಬೆಸ ಬಾಹುಗಳ ಆಕೃತಿಗಳು 31. ಅತಿ ದೊಡ್ಡದಕ್ಕೆ ಐದನ್ನೂ ಗುಣಿಸಿ: 4294967295 ಬಾಹುಗಳು. ಇದು ನಾವು ಮೊದಲು ಒಡೆದಾಗ ಸಿಕ್ಕ ಎರಡನೆಯ ಅಪವರ್ತನ. ಇದಕ್ಕಿಂತ ಚಿಕ್ಕ ಸಂಖ್ಯೆಗಳಲ್ಲಿ ಇದರೊಡನೆ ಸಾಮಾನ್ಯ ಅಪವರ್ತನ ಇಲ್ಲದವು ಎಷ್ಟು ಎಂದು ಎಣಿಸಿದರೆ ಉತ್ತರ ಸರಿಯಾಗಿ 2ರ 31ನೇ ಘಾತ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗೌಸ್‌ನ ಪ್ರಮೇಯದ ಜೀವವೂ ಇದೇ, ಏಕೆಂದರೆ ಕೈವಾರ ಬಲ್ಲದ್ದು ಎರಡೆರಡಾಗಿ ಸೀಳುವುದನ್ನು ಮಾತ್ರ.

ಪ್ಯಾರಿಸ್ಸಿನ ಎದುವಾರ್ ಲೂಕಾ 1883ರಲ್ಲಿ ‘ಹನೋಯಿ ಗೋಪುರ’ ಎಂಬ ಆಟಿಕೆಯನ್ನು ಮಾರುಕಟ್ಟೆಗೆ ತಂದಾಗಲೂ ಈ ಸಂಖ್ಯೆ ಮತ್ತೆ ತಲೆಯೆತ್ತಿತು. ಕಾಶಿಯ ಗುಡಿಯಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಒಂದೊಂದಾಗಿ, ಚಿಕ್ಕದರ ಮೇಲೆ ದೊಡ್ಡದನ್ನು ಇಡದೆ, ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆ, ಅದು ಮುಗಿದ ದಿನ ಜಗತ್ತು ಮುಗಿಯುತ್ತದೆ ಎಂದು ಅದಕ್ಕೊಂದು ಕಟ್ಟುಕಥೆಯನ್ನೂ ಹಬ್ಬಿಸಲಾಯಿತು. ಬೇಕಾಗುವ ನಡೆಗಳು ಇಷ್ಟೇ: 18446744073709551615. ಸೆಕೆಂಡಿಗೊಂದು ನಡೆಯಂತೆ 58 ಸಾವಿರ ಕೋಟಿ ವರ್ಷ, ಬ್ರಹ್ಮಾಂಡದ ಈವರೆಗಿನ ವಯಸ್ಸಿನ ನಲವತ್ತೆರಡು ಪಟ್ಟು!

ಇಷ್ಟೆಲ್ಲ ಹೇಳಿದ ಮೇಲೆ, ಇದು ನಿಮ್ಮ ಜೇಬಿನಲ್ಲೇ ಇದೆ ಎಂದರೆ ನಂಬುತ್ತೀರಾ? ಈಗಿನ ಮೊಬೈಲು, ಕಂಪ್ಯೂಟರುಗಳು ಸಂಖ್ಯೆಯನ್ನು 64 ಬಿಟ್‌ಗಳ ಡಬ್ಬಿಯಲ್ಲಿಡುತ್ತವೆ. ಅರವತ್ತನಾಲ್ಕೂ ಬಿಟ್‌ಗಳು 1 ಆದಾಗ ಬರುವ ಸಂಖ್ಯೆ ಇದೇ. ಚದುರಂಗದ ಮನೆಗೊಂದು ಬಿಟ್! ಡಬ್ಬಿ ಅದರ ಅರ್ಧದಷ್ಟಿದ್ದಾಗ ಏನಾಗುತ್ತದೆ ಎಂಬುದು 2014ರಲ್ಲಿ ಗೊತ್ತಾಯಿತು. ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ 2147483647ನ್ನು ದಾಟುವ ಹೊತ್ತಿಗೆ ಯೂಟ್ಯೂಬಿನ 32 ಬಿಟ್ ಎಣಿಕೆ (ಅದರಲ್ಲೊಂದು ಬಿಟ್ ಚಿಹ್ನೆಗೆ ಮೀಸಲು) ಸಾಲದೆ 64ಕ್ಕೆ ಏರಿಸಬೇಕಾಯಿತು. ನೀವು ಅಂತರಜಾಲದಲ್ಲಿ ಗುಟ್ಟಾಗಿ ಕಳಿಸುವ ಎಷ್ಟೋ ಸಂದೇಶಗಳ ಬೀಗದಲ್ಲಿ, ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದಲ್ಲಿ, ವಾಡಿಕೆಯಾಗಿ ಬಳಕೆಯಾಗುವ ಘಾತ ಯಾವುದು ಗೊತ್ತೆ? 65537! ಅದು ಅವಿಭಾಜ್ಯ, ಜೊತೆಗೆ ದ್ವಿಮಾನದಲ್ಲಿ ಬರೆದರೆ ಎರಡೇ 1, ಉಳಿದದ್ದೆಲ್ಲ ಸೊನ್ನೆ. ಹದಿನಾರು ಸಲ ವರ್ಗ ಮಾಡಿ ಒಂದು ಸಲ ಗುಣಿಸಿದರೆ ಕೆಲಸ ಮುಗಿಯಿತು. ಯಂತ್ರ ಅನುಸರಿಸುವುದು ಪಿಂಗಳನ ಅದೇ ಅರ್ಧಿಸುವ-ವರ್ಗಿಸುವ ಯುಕ್ತಿಯನ್ನು.

ನೆರೆಮನೆಯ ಸಂಖ್ಯೆಯನ್ನೂ ಒಮ್ಮೆ ನೋಡಿಬರೋಣ. ನಮ್ಮ ಸಂಖ್ಯೆಗೆ 2 ಕೂಡಿದರೆ ಬರುವ 18446744073709551617 ಏಳನೆಯ ಫರ್ಮಾ ಸಂಖ್ಯೆ. ಅದು 274177 × 67280421310721 ಎಂದು 1880ರಲ್ಲಿ ಪ್ರಕಟಿಸಿದ ಫೋರ್ಚುನೆ ಲಾಂಡ್ರಿಗೆ ಆಗ ಎಂಬತ್ತೆರಡು ವರ್ಷ. ಅಲ್ಲಿಂದಾಚೆಗೂ ಅವಿಭಾಜ್ಯ ಒಂದೂ ಸಿಕ್ಕಿಲ್ಲ. 2ರ ಘಾತದ ಜಾಗದಲ್ಲಿ 2ರ 5ನೇ ಘಾತದಿಂದ 32ನೇ ಘಾತದವರೆಗೆ ಇಟ್ಟು, ಒಂದು ಕೂಡಿ ಪಡೆದ ಎಲ್ಲ ಫರ್ಮಾ ಸಂಖ್ಯೆಗಳೂ ಒಡೆಯುತ್ತವೆ. ಅದರ ಮುಂದಿನದಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳು. ಅದು ಒಡೆಯುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಬೆರಗನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪಿಂಗಳನ ಸೂತ್ರಗಳಿಗೆ ಹತ್ತನೇ ಶತಮಾನದಲ್ಲಿ ವ್ಯಾಖ್ಯಾನ ಬರೆದವನು ಹಲಾಯುಧ. ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದು, ಆಮೇಲೆ ಮಾಳವದ ಮುಂಜನ ಆಸ್ಥಾನ ಸೇರಿದವನು. ಅವನು ವಿವರಿಸಿದ ಮೇರುಪ್ರಸ್ತಾರವನ್ನು ನಾವು ಶಾಲೆಯಲ್ಲಿ ಪಾಸ್ಕಲನ ತ್ರಿಭುಜವೆಂದು ಓದಿದ್ದೇವೆ. ಮೇಲೆ ಒಂದು 1, ಅದರ ಕೆಳಗೆ 1 1, ಅದರ ಕೆಳಗೆ 1 2 1, ಆಮೇಲೆ 1 3 3 1. ಪ್ರತಿ ಮನೆಯಲ್ಲೂ ಮೇಲಿನ ಎರಡರ ಮೊತ್ತ. ಈಗ ಬೆಸ ಇದ್ದಲ್ಲಿ 1, ಸಮ ಇದ್ದಲ್ಲಿ 0 ಬರೆದು ಪ್ರತಿ ಸಾಲನ್ನೂ ದ್ವಿಮಾನ ಸಂಖ್ಯೆಯಾಗಿ ಓದಿ. 1. ಆಮೇಲೆ 11, ಎಂದರೆ 3. ಆಮೇಲೆ 101, ಎಂದರೆ 5. ಆಮೇಲೆ 1111, ಎಂದರೆ 15. ಆಮೇಲೆ 17. ಆಮೇಲೆ 51, 85, 255, 257...

ಗುರುತು ಸಿಕ್ಕಿತೆ? ಗೌಸ್‌ನ ಆಕೃತಿಗಳು! ಮೊದಲ 1ನ್ನು ಬಿಟ್ಟರೆ ಮೇರುವಿನ ಮುಂದಿನ ಮೂವತ್ತೊಂದು ಸಾಲುಗಳು ಕೈವಾರದಿಂದ ಎಳೆಯಬಲ್ಲ ಆ ಮೂವತ್ತೊಂದು ಬೆಸ ಆಕೃತಿಗಳನ್ನು, ಒಂದನ್ನೂ ಬಿಡದೆ, ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ಹೇಳಿಬಿಡುತ್ತವೆ. ಲಘು-ಗುರು ಎಣಿಸಲು ಹೊರಟ ಛಂದಸ್ಸಿನ ಪಂಡಿತರು ಕಟ್ಟಿದ ಮೇರುವಿನಲ್ಲಿ ಜರ್ಮನಿಯ ಹುಡುಗನ ರೇಖಾಗಣಿತ ಅಡಗಿ ಕೂತಿತ್ತು! ಮೇರುವನ್ನು ಇನ್ನೂ ಕೆಳಗೆ ಬೆಳೆಸಿ. ಅರವತ್ತನಾಲ್ಕನೆಯ ಸಾಲಿನಲ್ಲಿ ಅರವತ್ತನಾಲ್ಕು ಮನೆಗಳು, ಎಲ್ಲವೂ ಬೆಸ, ಒಂದು ಸೊನ್ನೆಯೂ ಇಲ್ಲ. ಅದನ್ನು ಓದಿದರೆ ನಮ್ಮ ಮಹಾಸಂಖ್ಯೆಯೇ. ಅದಕ್ಕೂ ಮೇಲಿನ ಪ್ರತಿಯೊಂದು ಸಾಲೂ ಅದರ ಭಾಜಕ. 128 ಭಾಜಕಗಳಲ್ಲಿ 64 ಮೇರುವಿನಲ್ಲಿ ಸಿಗುತ್ತವೆ, 64 ಸಿಗುವುದಿಲ್ಲ. ಸಿಗದವು ಯಾವುವು? 641 ಮತ್ತು 6700417 ಜೊತೆಬಿಟ್ಟು ಒಂಟಿಯಾಗಿ ಬರುವಂಥವು. ಫರ್ಮಾ ಒಡೆಯದೆಂದು ನಂಬಿದ್ದ ಆ ಹತ್ತಂಕಿಯ ಸಂಖ್ಯೆಯನ್ನು ಮೇರು ಎಲ್ಲೂ ಒಡೆಯುವುದೇ ಇಲ್ಲ.

ದಯವಿಟ್ಟು ಇದನ್ನು ನನ್ನ ಮಾತಿನ ಮೇಲೆ ಒಪ್ಪಿಕೊಳ್ಳಬೇಡಿ, ನೀವೇ ಮಾಡಿ ನೋಡಿ. ಒಂದು ಚೌಕುಳಿ ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕು. ದೊಡ್ಡ ಕೂಡುವಿಕೆಯೂ ಬೇಡ: ಮೇಲಿನ ಎರಡು ಮನೆಗಳಲ್ಲಿ ಒಂದು ಕಪ್ಪು, ಒಂದು ಬಿಳಿ ಇದ್ದರೆ ಕೆಳಗಿನದನ್ನು ಕಪ್ಪು ಮಾಡಿ, ಎರಡೂ ಒಂದೇ ಬಣ್ಣವಾದರೆ ಬಿಳಿ ಬಿಡಿ, ಸಾಲಿನ ಎರಡು ತುದಿಗಳು ಯಾವಾಗಲೂ ಕಪ್ಪು. ಮನೆಯಲ್ಲಿ ಏಳನೆಯ, ಎಂಟನೆಯ ತರಗತಿಯ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಕಪ್ಪನ್ನು 1, ಬಿಳಿಯನ್ನು 0 ಎಂದು ಓದಿದಾಗ ಎಂಟನೆಯ ಸಾಲಿಗೆ 255, ಒಂಬತ್ತನೆಯದಕ್ಕೆ 257, ಹದಿನಾರನೆಯದಕ್ಕೆ 65535 ಬಂದರೆ ನಿಮ್ಮ ಲೆಕ್ಕ ಸರಿಯಾಗಿದೆ.